ಡ್ರಾಫ್ಟಿಂಗ್ ಕಲಿಯೋದು ಎಲ್ಲಿ: ಸೀನಿಯರ್ ಆಫೀಸಾ, ಬೆಂಗಳೂರಾ, ಆನ್‌ಲೈನ್ ಕೋರ್ಸಾ?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಗೋಣಿಕೊಪ್ಪದ ಹುಡುಗಿ, ಮೈಸೂರಿನಲ್ಲಿ ಎಲ್‌ಎಲ್‌ಬಿ ಮುಗಿಸಿ ಸನ್ನದು ಪಡೆದು ಆರು ತಿಂಗಳಾಗಿದೆ. ಇನ್ನೊಬ್ಬರು ಸೋಮವಾರಪೇಟೆಯವರು, ಸಿವಿಲ್ ಜಡ್ಜ್ ಪರೀಕ್ಷೆಗೆ ಓದುತ್ತಿದ್ದಾರೆ. ಮೂರನೆಯವರು ಸಿದ್ದಾಪುರದ ಹತ್ತಿರದ ಕಾಫಿ ತೋಟದಲ್ಲಿ ರೈಟರ್. ಹೆಸರಿಗೆ ರೈಟರ್, ಬರೆಯುವುದು ಹಾಜರಿ ಪುಸ್ತಕ. ಆದರೆ ಆನೆ ಬಂದು ತೋಟ ತುಳಿದರೆ ಪರಿಹಾರದ ಅರ್ಜಿ, ಪಕ್ಕದವರು ಬೇಲಿ ಸರಿಸಿದರೆ ತಹಸೀಲ್ದಾರರಿಗೆ ಮನವಿ, ಯಾರಾದರೂ ವಕೀಲರ ಕೈಯಲ್ಲಿ ನೋಟೀಸ್ ಕೊಡಿಸಿದರೆ ಅದಕ್ಕೆ ಉತ್ತರದ ವಿವರ, ಎಲ್ಲ ಇವರ ತಲೆಗೇ ಬರುತ್ತದೆ. ಮೂವರು ಕೇಳಿದ್ದೂ ಇಷ್ಟೇ: ಕಾನೂನಿನ ಬರವಣಿಗೆ ಸರಿಯಾಗಿ ಕಲಿಯಬೇಕು, ಟೈಮು ದುಡ್ಡು ಎಲ್ಲಿ ಹಾಕಲಿ?

ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಕೊಡಗಿನ ವಿರಾಜಪೇಟೆಯಲ್ಲಿ ಹದಿನಾಲ್ಕು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಈ ದಾರಿಗಳಲ್ಲಿ ಹೆಚ್ಚಿನವನ್ನು ಒಂದಲ್ಲ ಒಂದು ಸಲ ಹಿಡಿದು ನೋಡಿದವನು.

ಏನು ನೋಡಿ ಆರಿಸಬೇಕು

ಮೊದಲನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು: ನೀವು ಬರೆದದ್ದನ್ನು ಯಾರು ತಿದ್ದುತ್ತಾರೆ? ಪಾಠ ಕೇಳುವುದರಿಂದ ಯಾರೂ ಬರೆಯಲು ಕಲಿತಿಲ್ಲ. ಬರೆದು, ಕೆಂಪು ಪೆನ್ನಿನ ಗೀಟು ತಿಂದು, ಮತ್ತೆ ಬರೆದು ಕಲಿತವರೇ ಎಲ್ಲ. ಯಾವ ದಾರಿಗಾದರೂ ದುಡ್ಡು ಕೊಡುವ ಮೊದಲು ಇದೊಂದು ಕೇಳಿ: ನನ್ನ ಡ್ರಾಫ್ಟ್ ವಾಪಸ್ ಬರುತ್ತದಾ, ಬಂದರೆ ಗೀಟು ಹಾಕಿಸಿಕೊಂಡು ಬರುತ್ತದಾ?

ಎರಡನೆಯದು ಭಾಷೆ. ನಮ್ಮ ಕಡೆ ಕಕ್ಷಿದಾರ ಕಥೆ ಹೇಳುವುದು ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಮಲಯಾಳದಲ್ಲೋ. ಕೆಳಗಿನ ಕೋರ್ಟಿಗೆ ಅದು ಕನ್ನಡದಲ್ಲಿ ಹೋಗಬಹುದು, ಇಂಗ್ಲಿಷಿನಲ್ಲೂ ಹೋಗಬಹುದು. ಅದೇ ಕೇಸು ಹೈಕೋರ್ಟಿಗೆ ಹತ್ತಿದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷೇ ಗತಿ. ನಿಮಗೆ ಯಾವ ಭಾಷೆಯಲ್ಲಿ ಕೈ ಪಳಗಬೇಕು ಅಂತ ಮೊದಲೇ ಗೊತ್ತಿದ್ದರೆ ಅರ್ಧ ದಾರಿಗಳು ತಾವಾಗೇ ಬಿದ್ದುಹೋಗುತ್ತವೆ.

ಮೂರನೆಯದು, ನಮ್ಮ ಮಣ್ಣಿನ ವಿಷಯ. ಇದಕ್ಕೆ ನನ್ನದೇ ಕಥೆ ಇದೆ. ಜೂನಿಯರ್ ಆಗಿದ್ದಾಗ ಮೈಸೂರಿನ ಗೆಳೆಯನಿಂದ ಪಾಲಿನ ದಾವೆಯ ನಮೂನೆಯೊಂದನ್ನು ತಂದೆ. ಹೆಸರು ಬದಲಿಸಿದೆ, ಸರ್ವೆ ನಂಬರ್ ಬದಲಿಸಿದೆ, ವಿಸ್ತೀರ್ಣದ ಅಂಕಿಯನ್ನೂ ಬದಲಿಸಿದೆ. ಅಳತೆಯ ಹೆಸರು ಮಾತ್ರ ಅವರದೇ ಉಳಿಯಿತು. 2 ಎಕರೆ 35 ಸೆಂಟು ಇರಬೇಕಾದಲ್ಲಿ 2 ಎಕರೆ 35 ಗುಂಟೆ ಅಂತ ಹೋಯಿತು. ಎಕರೆಗೆ 100 ಸೆಂಟು, ಆದರೆ ಗುಂಟೆ 40 ಮಾತ್ರ, ಅಂದರೆ ಒಂದು ಗುಂಟೆ ಎರಡೂವರೆ ಸೆಂಟು. ಲೆಕ್ಕ ಹಾಕಿ ನೋಡಿ, ನನ್ನ ಕಕ್ಷಿದಾರರಿಗೆ 52 ಸೆಂಟಿಗಿಂತ ಜಾಸ್ತಿ ಪಕ್ಕದವರ ತೋಟ ಸೇರಿಸಿ ಕೊಟ್ಟಿದ್ದೆ! ಎದುರಿನ ವಕೀಲರು ತಮ್ಮ ಉತ್ತರದ ಮೊದಲ ಪುಟದಲ್ಲೇ ಹಿಡಿದರು. ತಿದ್ದುಪಡಿ ಅರ್ಜಿ, ಅದಕ್ಕೆ ತಕರಾರು, ಖರ್ಚು, ಆರು ತಿಂಗಳು. ಸೆಂಟು, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿಕೊಂಡು ಬಿಟ್ಟ ಜಾಗ), ಪಟ್ಟೇದಾರ (ಮನೆತನದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಹಿರಿಯ), ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಸಾಲುಗಟ್ಟಿ ನಿಂತ ಒಕ್ಕದವರ (ಒಂದೇ ಮನೆತನದವರ) ಹೆಸರು, ಇದನ್ನೆಲ್ಲ ಕಲಿಸದ ಕೋರ್ಸು ಎಷ್ಟು ಚೆನ್ನಾಗಿದ್ದರೂ ಇಲ್ಲಿಗೆ ಅರ್ಧವೇ.

ಕೊನೆಗೆ ದುಡ್ಡು, ಟೈಮು, ಮತ್ತೆ ಮಳೆ. ಮಳೆ ಅಂದರೆ ನಗಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋಗಿ ಟವರ್ ಮಲಗಿದ ಮೇಲೆ ರಾತ್ರಿ ಎಂಟರ ಲೈವ್ ಕ್ಲಾಸಿಗೆ ಯಾರು ಕೂರುತ್ತಾರೆ?

ಒಳ್ಳೆಯ ಬರವಣಿಗೆ ಅಂದರೆ ಯಾವುದು

ಆರಿಸುವ ಮೊದಲು ಇದೊಂದು ಸ್ಪಷ್ಟ ಇರಲಿ, ಇಲ್ಲದಿದ್ದರೆ ತಪ್ಪು ಕಲಿಸುವವರ ಹತ್ತಿರವೂ ಖುಷಿಯಾಗಿ ಕೂತಿರುತ್ತೀರಿ. ಇದು ನಿಮ್ಮ ಅಭಿರುಚಿ, ನನ್ನ ಅಭಿರುಚಿ ಅಂತ ಬಿಡುವ ವಿಷಯ ಅಲ್ಲ, ಕಾನೂನಿನಲ್ಲೇ ಬರೆದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 2 ಓದಿ. ಮುಖ್ಯ ಸಂಗತಿ ಮಾತ್ರ ಹೇಳಿ, ಚಿಕ್ಕದಾಗಿ ಹೇಳಿ, ಸಾಕ್ಷ್ಯವನ್ನು ಇಲ್ಲಿ ತುಂಬಬೇಡಿ, ಪ್ಯಾರಾಗಳಿಗೆ ನಂಬರ್ ಹಾಕಿ, ದಿನಾಂಕ ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಅರ್ಧ ಪುಟವೂ ಇಲ್ಲ. ಅದನ್ನು ಪಾಲಿಸುವವರು ಮಾತ್ರ ಕಡಿಮೆ.

ನನ್ನ ಆಫೀಸಿನ ಜೂನಿಯರ್ ಒಬ್ಬ ಮೊದಲ ಸಲ ಬರೆದು ತಂದ ಪ್ಯಾರಾ ಹೀಗಿತ್ತು: "ಸದರಿ ಪ್ರತಿವಾದಿಯು ದುರುದ್ದೇಶದಿಂದಲೂ ಕಾನೂನುಬಾಹಿರವಾಗಿಯೂ ಸದರಿ ಸ್ವತ್ತಿಗೆ ಅತಿಕ್ರಮ ಪ್ರವೇಶ ಮಾಡಿ ಸದರಿ ವಾದಿಗೆ ತುಂಬಲಾರದ ನಷ್ಟವನ್ನು ಉಂಟುಮಾಡಿರುತ್ತಾನೆ." ಮೂರು ಸದರಿ, ಒಂದು ದುರುದ್ದೇಶ, ಆದರೆ ಏನಾಯಿತು ಅಂತ ಮಾತ್ರ ಇಲ್ಲ. ಏನಾಯ್ತಪ್ಪ ಅಂತ ಕೇಳಿದೆ. ಬಾಯಲ್ಲಿ ಚೆನ್ನಾಗೇ ಹೇಳಿದ. ಅದನ್ನೇ ಬರಿ ಅಂದೆ. ಎರಡನೇ ಸಲ ಬಂದದ್ದು: "ದಿನಾಂಕ 12-01-2023ರಂದು ಬೆಳಿಗ್ಗೆ ಸುಮಾರು 9 ಗಂಟೆಗೆ ಪ್ರತಿವಾದಿಯು ಷೆಡ್ಯೂಲ್ ಸ್ವತ್ತಿನ ಪೂರ್ವದ ಬೇಲಿಯನ್ನು ಕಿತ್ತು ಒಳಗೆ ಬಂದು 7 (ಏಳು) ಸಿಲ್ವರ್ ಮರಗಳನ್ನು ಕಡಿಸಿದನು." ಇದನ್ನು ಓದಿದ ಜಡ್ಜ್ ಕಣ್ಣಿಗೆ ಬೇಲಿ ಕಾಣುತ್ತದೆ, ಮರ ಬಿದ್ದದ್ದು ಕಾಣುತ್ತದೆ. ದುರುದ್ದೇಶ ಇತ್ತಾ ಇಲ್ವಾ ಅಂತ ಅವರೇ ತೀರ್ಮಾನ ಮಾಡಿಕೊಳ್ಳುತ್ತಾರೆ.

ಉತ್ತರ ಬರೆಯುವಾಗಲೂ ಅಷ್ಟೇ. "ದಾವೆಯಲ್ಲಿ ಹೇಳಿರುವುದೆಲ್ಲ ಸುಳ್ಳು" ಅಂತ ಒಂದೇ ಸಾಲು ಗೀಚಿದರೆ ಸಾಲದು. ಆದೇಶ 8ರ ಪ್ರಕಾರ ಒಂದೊಂದು ಸಂಗತಿಯನ್ನೂ ಬೇರೆ ಬೇರೆಯಾಗಿ ನಿರಾಕರಿಸಬೇಕು. ನಿರಾಕರಿಸದೆ ಬಿಟ್ಟದ್ದನ್ನು ಒಪ್ಪಿಕೊಂಡಂತೆಯೇ ಕೋರ್ಟು ಹಿಡಿಯಬಹುದು.

ಇಲ್ಲೇ ಸೀನಿಯರ್ ಆಫೀಸು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಎಲ್ಲಾದರೂ ಸರಿ. ಈ ದಾರಿಯ ದೊಡ್ಡ ಲಾಭ ಬೀರು. ಹೌದು, ಹಳೇ ಫೈಲುಗಳ ಬೀರು. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮಗೆ ಆದೇಶ ಸಿಗುತ್ತದೆ, ತೀರ್ಪು ಸಿಗುತ್ತದೆ, ಮುಂದಿನ ತಾರೀಕು ಸಿಗುತ್ತದೆ. ಆ ಕೇಸಿನ ವಾದಪತ್ರ ಸಿಗುವುದಿಲ್ಲ, ಅದಕ್ಕೆ ಬಂದ ಉತ್ತರ ಸಿಗುವುದಿಲ್ಲ. ಅದು ಇರುವುದು ಆಫೀಸಿನ ಬೀರುವಿನಲ್ಲಿ, ಕೆಂಪು ದಾರ ಕಟ್ಟಿದ ಫೈಲಿನೊಳಗೆ. ಒಂದು ಕೇಸಿನ ವಾದಪತ್ರ ಓದಿ, ಉತ್ತರ ಓದಿ, ಪಾಟೀಸವಾಲು ಓದಿ, ಕೊನೆಗೆ ತೀರ್ಪು ಓದಿದರೆ, ಯಾವ ಸಾಲು ಕೆಲಸಕ್ಕೆ ಬಂತು, ಯಾವ ಸಾಲು ಕುತ್ತಿಗೆಗೆ ಬಂತು ಅಂತ ಕಣ್ಣೆದುರೇ ಕಾಣುತ್ತದೆ. ಇದನ್ನು ಯಾವ ಕೋರ್ಸೂ ಕೊಡಲ್ಲ.

ಇನ್ನೊಂದು ಲಾಭ ಕೋರ್ಟ್ ಆಫೀಸಿನವರು. ಫೈಲ್ ಮಾಡಿದ ಮೇಲೆ ಬರುವ ಆಬ್ಜೆಕ್ಷನ್ ಪಟ್ಟಿಯನ್ನು ಬೈದುಕೊಂಡು ಕ್ಲರ್ಕ್ ಕೈಗೆ ಕೊಡಬೇಡಿ, ನೀವೇ ಕೂತು ಸರಿಮಾಡಿ. ಚೆಕ್ಕುಬಂದಿ (ಜಮೀನಿನ ನಾಲ್ಕೂ ಕಡೆಯ ಗಡಿ) ಬರೆದಿಲ್ಲ, ವ್ಯಾಜ್ಯ ಕಾರಣದ (ಕಾಸ್ ಆಫ್ ಆಕ್ಷನ್, ಅಂದರೆ ದಾವೆ ಹೂಡಲು ಕಾರಣವಾದ ಘಟನೆಯ) ದಿನ ಹಾಕಿಲ್ಲ, ಕೋರ್ಟ್ ಶುಲ್ಕದ ಮೌಲ್ಯಮಾಪನ ತಪ್ಪಿದೆ. ಇದು ಬಿಟ್ಟಿ ಟ್ಯೂಷನ್.

ನಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ದುಡ್ಡು ಕಡಿಮೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಹೇಳಿದೆ. ಅದು ಸಲಹೆ, ಕಡ್ಡಾಯ ಅಲ್ಲ. ಇದನ್ನು ಸೀನಿಯರ್ ಎದುರು ಓದಿ ಹೇಳುವ ಧೈರ್ಯ ನಿಮಗಿದ್ದರೆ ಬರವಣಿಗೆಗಿಂತ ವಾದಕ್ಕೇ ನೀವು ಲಾಯಕ್ಕು. ಎರಡನೆಯದು, ಕೆಲವು ಆಫೀಸುಗಳಲ್ಲಿ ವರ್ಷಗಟ್ಟಲೆ ವಾಯಿದೆ ಕೇಳುವುದೇ ಕೆಲಸ, ಪೆನ್ನು ಕೈಗೆ ಕೊಡುವುದೇ ಇಲ್ಲ. ಮೂರನೆಯದು ಹಳೇ ನಮೂನೆಗಳು. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನಾದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಹಳೆಯದರಲ್ಲಿ ನಿರೀಕ್ಷಣಾ ಜಾಮೀನು 438ನೇ ಕಲಮು, ಈಗ 482. ತಮಾಷೆ ಏನೆಂದರೆ ಹಳೆಯದರಲ್ಲಿ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಅದು ಈಗ 528. ಕಂಪ್ಯೂಟರಿನಲ್ಲಿ ಕೂತ ಹಳೇ ಫೈಲನ್ನು ಕಣ್ಣುಮುಚ್ಚಿ ಕಾಪಿ ಹೊಡೆದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ.

ಸೇರುವ ಮೊದಲು ಆ ಆಫೀಸಿನ ಈಗಿನ ಜೂನಿಯರ್ ಜೊತೆ ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿಯಿರಿ. ಕೊನೆಯ ಸಲ ನಿಮ್ಮ ಡ್ರಾಫ್ಟಿಗೆ ಸೀನಿಯರ್ ಗೀಟು ಹಾಕಿದ್ದು ಯಾವಾಗ ಅಂತ ಕೇಳಿ. ಹೋದ ವಾರ ಅಂದರೆ ಸೇರಿ. ನೆನಪಿಸಿಕೊಳ್ಳಲು ಶುರುಮಾಡಿದರೆ ಕಾಫಿ ದುಡ್ಡು ಕೊಟ್ಟು ಎದ್ದು ಬನ್ನಿ.

ಬೆಂಗಳೂರಿಗೆ ಎರಡು ವರ್ಷ

ಹೈಕೋರ್ಟ್ ಆಫೀಸಿನಲ್ಲಿ ಇಂಗ್ಲಿಷ್ ಹರಿತವಾಗುತ್ತದೆ, ಅದರಲ್ಲಿ ಅನುಮಾನ ಬೇಡ. ರಿಟ್ ಅರ್ಜಿಗೆ ಸಾರಾಂಶ ಮತ್ತು ದಿನಾಂಕಗಳ ಪಟ್ಟಿ ಬರೆಯುವುದನ್ನು ಅಲ್ಲಿ ದಿನಾ ಮಾಡಿಸುತ್ತಾರೆ. ಮೂವತ್ತು ವರ್ಷದ ಜಗಳವನ್ನು ಎರಡು ಪುಟದ ದಿನಾಂಕಪಟ್ಟಿಗೆ ಇಳಿಸುವುದು ಬರವಣಿಗೆಯ ಅತಿ ಒಳ್ಳೆಯ ವ್ಯಾಯಾಮ. ನಾನು ಅಲ್ಲಿ ಹದಿನೆಂಟು ತಿಂಗಳಿದ್ದೆ, ಇವತ್ತಿಗೂ ಯಾವ ಕೇಸು ಬಂದರೂ ಮೊದಲು ದಿನಾಂಕಪಟ್ಟಿ ಮಾಡುತ್ತೇನೆ.

ಆದರೆ ಪಿಜಿ ಬಾಡಿಗೆ, ಊಟ, ಓಡಾಟ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಮನೆಯಿಂದ ತರಿಸಬೇಕಾಗುತ್ತದೆ. ಕನ್ನಡದ ಡ್ರಾಫ್ಟಿಂಗ್ ಕೈತಪ್ಪುತ್ತದೆ. ವಾಪಸ್ ಬಂದು ಕನ್ನಡದಲ್ಲಿ ವಾದಪತ್ರ ಬರೆಯಲು ಕೂತಾಗ ನನ್ನ ವಾಕ್ಯಗಳೆಲ್ಲ ತಲೆಕೆಳಗಾಗಿ ನಿಂತಿದ್ದವು, ಕ್ರಿಯಾಪದ ಹುಡುಕಲು ಟಾರ್ಚ್ ಬೇಕಿತ್ತು. ಒಂದು ಅನುಕೂಲ ಮಾತ್ರ ನಮ್ಮವರಿಗೇ ಸಿಗುವಂಥದ್ದು: ಕೊಡಗಿನ ಜಮೀನಿನ ಕೇಸು ಬಂದರೆ ಫೈಲು ನಿಮ್ಮ ಟೇಬಲ್ಲಿಗೇ ಬರುತ್ತದೆ. ಗದ್ದೆಗೆ ಹೊಂದಿಕೊಂಡು ಸೊಪ್ಪು, ಸೌದೆ, ಮೇವಿಗೆ ಅಂತ ಬಿಟ್ಟ ಜಾಗವೇ ಬಾಣೆ, ಇದರ ಬೇರು 1899ರ ಕೂರ್ಗ್ ಭೂಮಿ ಮತ್ತು ಕಂದಾಯ ನಿಬಂಧನೆಯಲ್ಲಿದೆ, ಆಮೇಲೆ 1964ರ ಭೂಕಂದಾಯ ಕಾಯ್ದೆ ಬಂತು ಅಂತ ಗೊತ್ತಿಲ್ಲದವರಿಗೆ ಗೊತ್ತಾಗುವ ಹಾಗೆ ಬರೆಯುವುದಿದೆಯಲ್ಲ, ಅದೇ ಕಾನೂನು ಬರವಣಿಗೆ. ನನ್ನ ಮೊದಲ ಒಳ್ಳೆಯ ಎರಡು ಪುಟ ಹುಟ್ಟಿದ್ದು ಹಾಗೆ.

ಕೋರ್ಸುಗಳು

ಎಲ್‌ಎಲ್‌ಬಿ ಓದುತ್ತಿರುವವರಿಗೆ ಒಂದು ಮಾತು. ಡ್ರಾಫ್ಟಿಂಗ್, ಪ್ಲೀಡಿಂಗ್, ಕನ್ವೆಯನ್ಸಿಂಗ್ (ಆಸ್ತಿ ಪತ್ರ ಬರೆಯುವುದು) ಪತ್ರಿಕೆ ನಿಮಗೆ ಹೇಗೂ ಇದೆ, 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಕಡ್ಡಾಯ. ಅದರ ರೆಕಾರ್ಡ್ ಪುಸ್ತಕವನ್ನು ಹಿಂದಿನ ಬ್ಯಾಚಿನವರಿಂದ ಕಾಪಿ ಹೊಡೆದವರು ಕೈ ಎತ್ತಿ. ನಾನೂ ಎತ್ತಿದ್ದೇನೆ. ಫೀಸು ಕಟ್ಟಿಯಾಗಿರುವ ಕೋರ್ಸನ್ನು ವ್ಯರ್ಥ ಮಾಡಿ, ಆಮೇಲೆ ಅದನ್ನೇ ಬೇರೆ ಕಡೆ ದುಡ್ಡು ಕೊಟ್ಟು ಕಲಿಯುವುದು ನಮ್ಮ ಜಾತಕ.

ಆನ್‌ಲೈನ್ ಕೋರ್ಸಿನಲ್ಲಿ ಎರಡು ಥರ. ಸ್ವಯಂ ಥರದ ಸರ್ಕಾರಿ ವೇದಿಕೆಯಲ್ಲಿ ಪಾಠ ಕೇಳುವುದು ಉಚಿತ, ಪ್ರಮಾಣಪತ್ರ ಬೇಕಾದರೆ ಪರೀಕ್ಷೆಗೆ ಮಾತ್ರ ಶುಲ್ಕ. ಖಾಸಗಿಯವರದು ದುಬಾರಿ. ನಾನೇ ಒಂದು ಸಲ 12,000 ರೂಪಾಯಿ ಕಟ್ಟಿದ್ದೆ. ವೈಯಕ್ತಿಕ ಫೀಡ್‌ಬ್ಯಾಕ್ ಅಂತ ಜಾಹೀರಾತಿನಲ್ಲಿತ್ತು. ನಾಲ್ಕು ಅಸೈನ್‌ಮೆಂಟ್ ಕಳಿಸಿದೆ, ನಾಲ್ಕಕ್ಕೂ "ಚೆನ್ನಾಗಿದೆ, ಇನ್ನೂ ಸ್ಪಷ್ಟತೆ ಬೇಕು" ಅಂತ ಒಂದೇ ಉತ್ತರ. ಮೂರನೆಯದರಲ್ಲಿ ಬೇಕಂತಲೇ ವಾದಿ ಪ್ರತಿವಾದಿ ಅದಲುಬದಲು ಮಾಡಿ ಕಳಿಸಿದ್ದೆ. ಪ್ರಮಾಣಪತ್ರ ಮಾತ್ರ ಮಿನುಗುವ ಅಕ್ಷರದಲ್ಲಿ ಬಂತು. ಎಲ್ಲವೂ ಹೀಗೆ ಅಂತಲ್ಲ. ಕಾಂಟ್ರಾಕ್ಟ್ ಬರೆಯುವುದು ಬೇಕು, ಕಂಪನಿ ಕೆಲಸ ಬೇಕು ಅನ್ನುವವರಿಗೆ ಕೊಡಗಿನಲ್ಲಿ ಬೇರೆ ಗುರುಗಳು ಸಿಗುವುದು ಕಷ್ಟ, ಅವರಿಗೆ ಒಳ್ಳೆಯ ಕೋರ್ಸೇ ಸರಿ. ದುಡ್ಡು ಕಟ್ಟುವ ಮೊದಲು ಹಳೇ ವಿದ್ಯಾರ್ಥಿಯೊಬ್ಬರ ತಿದ್ದಿದ ಡ್ರಾಫ್ಟ್ ತೋರಿಸಿ ಅಂತ ಕೇಳಿ.

ಖರ್ಚಿಲ್ಲದೆ, ಒಬ್ಬರೇ

ಸುಪ್ರೀಂ ಕೋರ್ಟಿನ ತೀರ್ಪುಗಳು ಅದರದೇ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ 2023ರ ಜನವರಿಯಿಂದ ಉಚಿತವಾಗಿ ಸಿಗುತ್ತಿವೆ. ತೀರ್ಪು ಹುಡುಕುವ ಜಾಲತಾಣ ಇಂಡಿಯನ್ ಕಾನೂನ್ ಅಂತೂ 2008ರಿಂದ ಇದೆ. ಆದರೆ ಎಲ್ಲ ತೀರ್ಪೂ ಮಾದರಿ ಅಂತ ತಿಳಿಯಬೇಡಿ. 2017ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ತೀರ್ಪನ್ನು, ಓದಿದರೆ ಅರ್ಥವೇ ಆಗುವುದಿಲ್ಲ ಅನ್ನುವ ಕಾರಣಕ್ಕೆ ಸುಪ್ರೀಂ ಕೋರ್ಟ್ ರದ್ದುಮಾಡಿ ವಾಪಸ್ ಕಳಿಸಿತ್ತು. 2022ರ ಆಗಸ್ಟ್‌ನಲ್ಲಿ ಸ್ಟೇಟ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ಮತ್ತೆ ಅದೇ ಗೋಳು. ಆಗ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ತೀರ್ಪು ಹೇಗೆ ಬರೆಯಬೇಕು ಅಂತ ಬಿಡಿಸಿ ಹೇಳಿತು: ಪ್ರಶ್ನೆ ಯಾವುದು, ಕಾನೂನು ಏನು, ಈ ಸಂಗತಿಗಳಿಗೆ ಅದು ಹೇಗೆ ಅನ್ವಯ, ಕೊನೆಗೆ ತೀರ್ಮಾನ. ಪ್ಯಾರಾಗಳಿಗೆ ನಂಬರ್ ಕೂಡ ಹಾಕಿ ಅಂತ. ವಕೀಲರ ಬರವಣಿಗೆಗೂ ಅದೇ ಪಾಠ, ಬಿಟ್ಟಿ ಸಿಗುತ್ತದೆ, ಓದಿ.

ಈ ದಾರಿಗೆ ನೆಟ್‌ವರ್ಕ್ ಬೇಡ, ಬಿಸಿಲಿದ್ದಾಗ ಇಳಿಸಿಕೊಂಡು ಮಳೆಗಾಲದಲ್ಲಿ ಓದಬಹುದು. ಕೊರತೆ ಒಂದೇ, ಆದರೆ ದೊಡ್ಡದು: ತಿದ್ದುವವರಿಲ್ಲ. ಅದಕ್ಕೆ ನಾವು ಮೂವರು ವಕೀಲರು ಒಂದು ಉಪಾಯ ಮಾಡಿಕೊಂಡಿದ್ದೆವು. ಶನಿವಾರ ಸಂಜೆ ಒಬ್ಬರ ಡ್ರಾಫ್ಟನ್ನು ಇನ್ನೊಬ್ಬರು ಹೆಸರು ಊರು ಅಳಿಸಿ ಗಟ್ಟಿಯಾಗಿ ಓದುವುದು. ಓದುವವನ ಉಸಿರು ಎಲ್ಲಿ ಕಟ್ಟಿತೋ ಅಲ್ಲಿ ವಾಕ್ಯ ಮುರಿಯಬೇಕು. ಎಲ್ಲಿ "ಯಾರು?" ಅಂತ ಕೇಳಿದನೋ ಅಲ್ಲಿ ಯಾರು ಅಂತ ಸ್ಪಷ್ಟ ಬರೆಯಬೇಕು. ಖರ್ಚು, ಮೂರು ಪ್ಲೇಟ್ ಬಜ್ಜಿ.

ಇನ್ನೆರಡು, ಬೇಗ ಹೇಳಿ ಮುಗಿಸುತ್ತೇನೆ

ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರನ್ನು ನಮ್ಮವರು ಕೀಳಾಗಿ ನೋಡುತ್ತಾರೆ. ಚೆಕ್ಕುಬಂದಿ ಬರೆಯುವುದನ್ನು ಅವರಿಗಿಂತ ಚೆನ್ನಾಗಿ ಕಲಿಸುವವರನ್ನು ನಾನು ಕಂಡಿಲ್ಲ. ಎರಡು ವಾರ ಪಕ್ಕದಲ್ಲಿ ಕೂತರೆ ಸಾಕು. ಅದಕ್ಕಿಂತ ಜಾಸ್ತಿ ಕೂತರೆ ಸದರಿ ರೋಗ ಹತ್ತುತ್ತದೆ.

ಎಐ. ಇಂಗ್ಲಿಷ್ ವಾಕ್ಯ ಸರಿಪಡಿಸಿಕೊಳ್ಳಲು, ಉದ್ದದ ತೀರ್ಪಿನಲ್ಲಿ ದಾರಿ ಹುಡುಕಲು ಅಡ್ಡಿಯಿಲ್ಲ. ಕನ್ನಡದಲ್ಲಿ ಅದು ವ್ಯಾಜ್ಯ ಕಾರಣವನ್ನು "ಕ್ರಿಯೆಯ ಕಾರಣ" ಅಂತ ಬರೆದದ್ದನ್ನು ನಾನೇ ನೋಡಿದ್ದೇನೆ. ಇಲ್ಲದ ತೀರ್ಪುಗಳನ್ನು ಇದೆ ಅಂತ ಕೊಡುವುದು ಇನ್ನೂ ಅಪಾಯ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅಂಥ ಹುಟ್ಟಿಸಿದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ಕಕ್ಷಿದಾರರ ಕಾಗದಗಳನ್ನು ಹಾಗೇ ಅದಕ್ಕೆ ಸುರಿಯಬೇಡಿ, ಗುಟ್ಟು ಕಾಯುವುದು ನಮ್ಮ ಕೆಲಸದ ಭಾಗ. ಮತ್ತೆ, ಅದು ಬರೆದುಕೊಟ್ಟರೆ ಕಲಿತದ್ದು ಯಾರು?

ಹಾಗಾದರೆ ಯಾರಿಗೆ ಯಾವುದು

ಗೋಣಿಕೊಪ್ಪದ ಹುಡುಗಿಗೆ ಹೇಳಿದ್ದು: ಮೊದಲ ಒಂದು ವರ್ಷ ಇಲ್ಲೇ, ಗೀಟು ಹಾಕುವ ಸೀನಿಯರ್ ಹತ್ತಿರ. ಚೆಕ್ ಬೌನ್ಸ್ ನೋಟೀಸಿನಿಂದ ಶುರುಮಾಡು. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟೀಸ್, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ. ಒಂದೇ ಪುಟ, ಆದರೆ ಒಂದು ದಿನಾಂಕ ತಪ್ಪಿದರೂ ಕೇಸು ಮುಗಿಯಿತು. ಕೈ ನಿಖರ ಆಗಲು ಇದಕ್ಕಿಂತ ಒಳ್ಳೆಯದು ಇಲ್ಲ. ಮನೆಯವರಿಗೆ ಎರಡು ವರ್ಷ ದುಡ್ಡು ಕಳಿಸುವ ಶಕ್ತಿ ಇದ್ದು, ಹೈಕೋರ್ಟಿನ ಆಸೆಯೂ ಇದ್ದರೆ ಆಮೇಲೆ ಬೆಂಗಳೂರು. ಮೊದಲೇ ಬೆಂಗಳೂರು ಅಂತ ಹೋಗಿದ್ದು ನನ್ನ ತಪ್ಪು, ಸೆಂಟಿನ ಬದಲು ಗುಂಟೆ ಬರೆದದ್ದು ಅಲ್ಲಿಂದ ವಾಪಸ್ ಬಂದು ಮೂರನೇ ತಿಂಗಳಿಗೆ.

ಸೋಮವಾರಪೇಟೆಯವರಿಗೆ ಆಫೀಸಿನಲ್ಲಿ ದಿನವಿಡೀ ಕೂರಲು ಟೈಮಿಲ್ಲ. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಅನುವಾದದ ಪತ್ರಿಕೆ ಇದೆ, ತೀರ್ಪು ಬರೆಯುವುದೂ ಇದೆ. ಅವರಿಗೆ ಒಬ್ಬರೇ ಓದುವ ದಾರಿ ಸಾಕು, ಜೊತೆಗೆ ಶನಿವಾರದ ಗುಂಪು. ದಿನಕ್ಕೊಂದು ಪುಟ ಇಂಗ್ಲಿಷಿನಿಂದ ಕನ್ನಡಕ್ಕೆ, ಮರುದಿನ ಮೂಲ ನೋಡದೆ ಅದನ್ನೇ ವಾಪಸ್ ಇಂಗ್ಲಿಷಿಗೆ. ತೀರ್ಪಿಗೆ, ಹಳೇ ಫೈಲಿನ ಎರಡೂ ಕಡೆಯ ವಾದ ಓದಿ ವಿವಾದಾಂಶಗಳನ್ನು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ತಾವೇ ಬರೆದು, ಆಮೇಲೆ ಕೋರ್ಟ್ ಬರೆದದ್ದರ ಜೊತೆ ಇಟ್ಟು ನೋಡುವುದು. ಫೈಲು ಬೇಕಾದರೆ ನನ್ನ ಬೀರು ತೆರೆದೇ ಇದೆ ಅಂದೆ.

ತೋಟದ ರೈಟರ್‌ಗೆ ಕೋರ್ಸೂ ಬೇಡ, ಆಫೀಸೂ ಬೇಡ. ಮಾಹಿತಿ ಹಕ್ಕು ಅರ್ಜಿ ಬರೆದು ಅಭ್ಯಾಸ ಮಾಡಿ ಅಂದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ, ಶುಲ್ಕ 10 ರೂಪಾಯಿ. ಅಷ್ಟರಲ್ಲಿ ಹೇಳಬೇಕಾದ್ದನ್ನು ಹೇಳಲು ಬಂದರೆ ಯಾವ ಮನವಿಯೂ ಕಷ್ಟವಲ್ಲ. ಮೊನ್ನೆ ಅವರು ಬರೆದ ಆನೆ ಪರಿಹಾರದ ಅರ್ಜಿ ವಾಟ್ಸಾಪಿನಲ್ಲಿ ಕಳಿಸಿದರು. ಹಿಂದಿನ ಸಲದ್ದು ಎರಡು ಪುಟ ಇತ್ತು, "ಬಡ ಬೆಳೆಗಾರರಾದ ನಾವು" ಅಂತ ಶುರುವಾಗಿತ್ತು. ಈ ಸಲ ಸರ್ವೆ ನಂಬರ್, ರಾತ್ರಿ ಎಷ್ಟು ಗಂಟೆ, ಎಷ್ಟು ಕಾಫಿ ಗಿಡ, ಎಷ್ಟು ಬಾಳೆ, ಯಾವ ಕಡೆಯ ಬೇಲಿ, ಫೋಟೋ ತೆಗೆದ ದಿನ, ಮುಕ್ಕಾಲು ಪುಟ. ಒಂದೇ ಗೀಟು ಹಾಕಿ ವಾಪಸ್ ಕಳಿಸಿದೆ: ಅರ್ಜಿಯ ಎರಡನೇ ಪ್ರತಿಗೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಂಡು ಇಟ್ಟುಕೊಳ್ಳಿ.